‘ನನ್ನ ಸ್ವಭಾವವೇ ಹೀಗೆ’ ಅನ್ನೋ ಮುಂಚೆ...

ನಿಮ್ಮ ಮನೆಯಲ್ಲೂ ಅಂಥವರು ಒಬ್ಬರು ಇರಬಹುದು. ನೆಂಟರು ಬಂದರೆ ಕಾಫಿ ಲೋಟ ಮುಂದಿಟ್ಟು ಸೀದಾ ಅಡುಗೆಮನೆ ಸೇರುವವರು. ಏನು ಕೇಳಿದರೂ ‘ಹ್ಞೂಂ’, ‘ಇಲ್ಲ’ ಅಷ್ಟೇ. ‘ಅವಳ ಸ್ವಭಾವವೇ ಹಾಗೆ ಬಿಡಿ, ಮಾತು ಕಡಿಮೆ’ ಅಂತ ನೀವೂ ಹೇಳಿರ್ತೀರಿ. ಅಥವಾ ಆ ಒಬ್ಬರು ನೀವೇ ಇರಬಹುದು!

ಬೆಂಗಳೂರಿನ ಗೆಳತಿಯೊಬ್ಬರು ಮಗನಿಗೆ ಬಳ್ಳಾರಿ ಹತ್ತಿರದ ಮೋಕದಿಂದ ಹೆಣ್ಣು ತಂದರು. ಹುಡುಗಿ ಬಿ.ಕಾಂ. ಓದಿದವಳು, ಕೆಲಸದಲ್ಲಿ ಚುರುಕು. ‘ಎಲ್ಲಾ ಸರಿ ಕಣ್ರೀ, ಆದ್ರೆ ಬಾಯೇ ಬಿಡಲ್ಲ. ಮನಸ್ಸಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ. ಸಂಕೋಚಾನೋ, ಅಹಂಕಾರಾನೋ...’ ಎಂದು ಫೋನಿನಲ್ಲಿ ಗೊಣಗುತ್ತಲೇ ಇದ್ದರು. ಎರಡು ವರ್ಷ ಕಳೆಯಿತು. ತವರಿನಲ್ಲಿ ಸೊಸೆಗೆ ಕುಬಸ ಇಟ್ಟುಕೊಂಡರು. ಸೀಮಂತಕ್ಕೆ ಆ ಕಡೆ ಹಾಗೆನ್ನುತ್ತಾರೆ. ಗೆಳತಿ ಹೋಗಿ ನೋಡಿದರೆ, ಮನೆ ತುಂಬಾ ಅದೇ ಸೊಸೆಯ ದನಿ! ಚಿಕ್ಕಮ್ಮನ ಜೊತೆ ತೆಲುಗಿನಲ್ಲಿ ಹರಟೆ, ಅಜ್ಜಿಯ ಜೊತೆ ಕನ್ನಡದಲ್ಲಿ ಜಗಳ, ಪಕ್ಕದ ಮನೆ ಹುಡುಗಿಯರ ಜೊತೆ ಎರಡೂ ಬೆರೆಸಿ ಗಹಗಹಿಸಿ ನಗು. ‘ನಾನು ತಂದುಕೊಂಡ ಸೊಸೆ ಇವಳೇನಾ ಅನ್ನಿಸಿಬಿಡ್ತು ಕಣ್ರೀ’ ಎಂದರು ಗೆಳತಿ. ದನಿಯಲ್ಲಿ ಆಶ್ಚರ್ಯಕ್ಕಿಂತ ನೋವೇ ಹೆಚ್ಚಿತ್ತು.

ಆಮೇಲೆ ಒಂದೊಂದಾಗಿ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಸೊಸೆ ‘ಉಳ್ಳಾಗಡ್ಡಿ ಹೆಚ್ಚಿ ಕೊಡ್ಲೇನ್ರಿ?’ ಎಂದಾಗ ಊಟದ ಟೇಬಲ್ಲಿನ ಸುತ್ತ ಎಲ್ಲರೂ ನಕ್ಕಿದ್ದರು. ‘ಸಾರು ಚಲೋ ಆಗೇತಿ’ ಎಂಬ ಮಾತನ್ನು ನಾದಿನಿ ವಾರಗಟ್ಟಲೆ ಅಣಕಿಸಿದ್ದಳು. ಅಮ್ಮನ ಜೊತೆ ಫೋನಿನಲ್ಲಿ ತೆಲುಗು ಮಾತಾಡಿದರೆ ‘ನೀವೇನು ಕನ್ನಡದೋರಾ, ತೆಲುಗಿನೋರಾ?’ ಎಂಬ ಪ್ರಶ್ನೆ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಎಲ್ಲವೂ ತಮಾಷೆಗೆ. ಆದರೆ ಹುಡುಗಿ ಪ್ರತಿ ಮಾತನ್ನೂ ಮನಸ್ಸಿನಲ್ಲೇ ತೂಗಿ, ‘ಬೆಂಗಳೂರು ಕನ್ನಡ’ಕ್ಕೆ ತಿರುಗಿಸಿ, ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಕೊನೆಗೆ ಸುಮ್ಮನಿರುವುದೇ ಸುಲಭವೆನಿಸಿತು. ಅದಕ್ಕೆ ನಾವು ಕೊಟ್ಟ ಹೆಸರು, ‘ಸ್ವಭಾವ’!

ಗೆರೆ ಎಳೆದವರು ಯಾರು?

ಮೋಕದ ಹುಡುಗಿಗೆ ಎರಡು ಭಾಷೆ ಬರುವುದರಲ್ಲಿ ವಿಚಿತ್ರವೇನೂ ಇಲ್ಲ. ಹಗರಿ ಹೊಳೆಯ ಆ ಕಪ್ಪು ಮಣ್ಣಿನ ಸೀಮೆಯಲ್ಲಿ ಸಂತೆ, ಸಂಬಂಧ, ಜಾತ್ರೆ ಎಲ್ಲವೂ ಎರಡು ಭಾಷೆಯಲ್ಲೇ ನಡೆಯುತ್ತವೆ. ಸ್ವಾತಂತ್ರ್ಯ ಬಂದಾಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಜಿಲ್ಲೆ ಎರಡಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದವು ಆಗಿನ ಮೈಸೂರು ರಾಜ್ಯಕ್ಕೆ ಬಂದವು. ಅದರಲ್ಲೂ ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬ ತಕರಾರು ಎಷ್ಟಿತ್ತೆಂದರೆ, ಅದೊಂದರ ವಿಚಾರಣೆಗೇ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ನೇಮಿಸಬೇಕಾಯಿತು.

ಯೋಚಿಸಿ ನೋಡಿ. ಒಂದೇ ಅಜ್ಜಿಯ ಮೊಮ್ಮಕ್ಕಳು. ಒಬ್ಬಳು ಆದೋನಿಯಲ್ಲಿ, ಇನ್ನೊಬ್ಬಳು ಮೋಕದಲ್ಲಿ. ಒಬ್ಬಳು ಶಾಲೆಯಲ್ಲಿ ತೆಲುಗು ಅಕ್ಷರ ತಿದ್ದುತ್ತಾಳೆ, ಇನ್ನೊಬ್ಬಳು ಕನ್ನಡ. ಒಬ್ಬಳ ಮುಖ್ಯಮಂತ್ರಿ, ಸಿನಿಮಾ ಹೀರೋ, ಪರೀಕ್ಷೆಯ ಬೋರ್ಡು ಎಲ್ಲವೂ ಬೇರೆ. ದೊಡ್ಡವರಾಗುವ ಹೊತ್ತಿಗೆ ‘ನಾನು ಇಂಥವಳು’ ಎಂಬ ಭಾವನೆಯೇ ಬೇರೆಯಾಗಿರುತ್ತದೆ. ರಕ್ತ ಒಂದೇ, ರೊಟ್ಟಿ ಒಂದೇ. ನಡುವೆ ಬಂದದ್ದು ನಕಾಶೆಯ ಮೇಲಿನ ಒಂದು ಗೆರೆ. ನಮ್ಮ ಒಳಗಿನದು, ಹುಟ್ಟಿನಿಂದ ಬಂದದ್ದು ಅಂದುಕೊಳ್ಳುವ ಎಷ್ಟೋ ಸಂಗತಿಗಳನ್ನು ಹೊರಗಿನ ಯಾರೋ, ಯಾವಾಗಲೋ ತೀರ್ಮಾನಿಸಿರುತ್ತಾರೆ.

ಒಂದು ಪದದ ಕರಾಮತ್ತು

ಇದು ಗಡಿಭಾಗದವರ ಕತೆ ಮಾತ್ರ ಅಂದುಕೊಳ್ಳಬೇಡಿ. ನಿಮ್ಮನ್ನು ಯಾರಾದರೂ ‘ಏನ್ ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ಏನು ಹೇಳುತ್ತೀರಿ? ‘ಏನಿಲ್ಲ, ಮನೇಲೇ ಇದೀನಿ’ ಎನ್ನುತ್ತೀರಿ, ಅಲ್ಲವೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಅಂದರೆ ಐದು ಗಂಟೆಗೆ ಹನ್ನೊಂದೇ ಹನ್ನೊಂದು ನಿಮಿಷ ಕಡಿಮೆ. ಇಂಥ ಕೆಲಸ ಮಾಡುವ ಗಂಡಸರು ಕಳೆಯುವುದು 88 ನಿಮಿಷ. ಇಷ್ಟಾದರೂ ಜನಗಣತಿಯ ಲೆಕ್ಕದಲ್ಲಿ ಬರೀ ಮನೆಗೆಲಸ ಮಾಡುವವರು ‘ಕೆಲಸಗಾರರಲ್ಲದವರು’. ಫಾರಂ ಹೇಳಿದ್ದನ್ನೇ ನಮ್ಮ ಬಾಯಿಯೂ ಹೇಳುತ್ತದೆ. ಹೇಳಿ ಹೇಳಿ ಮನಸ್ಸೂ ನಂಬಿಬಿಡುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಅಡ್ಡಾದರೆ ತಪ್ಪು ಮಾಡಿದ ಹಾಗೆ ಅನ್ನಿಸುವುದು ಅದಕ್ಕೇ.

ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ನಮ್ಮಲ್ಲಿ ‘ಯಜಮಾನರು’ ಅಂದರೆ ಗಂಡ. ‘ಯಜಮಾನ್ರು ಇದಾರಾ?’ ಎಂದು ಬಾಗಿಲಿಗೆ ಬಂದವರು ಕೇಳಿದರೆ ಅದು ನಿಮ್ಮನ್ನಲ್ಲ! ಆದರೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಣ್ಣುಮಗಳೇ ಕುಟುಂಬದ ಮುಖ್ಯಸ್ಥೆ ಎಂದಿತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ, ತಿಂಗಳಿಗೆ 2,000 ರೂಪಾಯಿ ‘ಮನೆಯ ಯಜಮಾನಿ’ಯ ಖಾತೆಗೆ ಎಂದಾಗ ಆ ಪದ ಎಲ್ಲರ ಬಾಯಿಗೆ ಬಂತು. ಅರ್ಜಿ ತುಂಬುವ ದಿನ ನಮ್ಮ ಬೀದಿಯ ಹಿರಿಯರೊಬ್ಬರು ‘ಐವತ್ತು ವರ್ಷ ಸಂಸಾರ ಮಾಡಿದೀನಿ, ನಾನೂ ಯಜಮಾನಿ ಅಂತ ಇವತ್ತು ಗೊತ್ತಾಯ್ತು ನೋಡಮ್ಮ’ ಎಂದು ನಕ್ಕರು. ದುಡ್ಡಿನ ಮಾತು ಬೇರೆ. ಆ ಒಂದು ಪದಕ್ಕೆ ಆಕೆ ಸ್ವಲ್ಪ ನೆಟ್ಟಗೆ ಕೂತದ್ದಂತೂ ನಿಜ.

ಕಲ್ಲುಕಂಬದ ಮಂಜಮ್ಮ

ಮೋಕದ ನೆರೆಯಲ್ಲೇ, ಕುರುಗೋಡು ಕಡೆಯ ಕಲ್ಲುಕಂಬದಲ್ಲಿ ಹುಟ್ಟಿದವರು ಮಂಜಮ್ಮ ಜೋಗತಿ. ಗಂಡುಮಗುವಾಗಿ ಹುಟ್ಟಿ, ಹದಿಹರೆಯಕ್ಕೆ ಬರುವಾಗ ಒಳಗೆ ತಾನು ಹೆಣ್ಣು ಎಂದು ಕಂಡುಕೊಂಡವರು. ಮನೆಯವರು ಜೋಗತಿ ದೀಕ್ಷೆ ಕೊಡಿಸಿದರು. ಆಮೇಲೆ ಮನೆ ಬಿಡಬೇಕಾಯಿತು, ಭಿಕ್ಷೆ ಬೇಡಬೇಕಾಯಿತು, ಬದುಕೇ ಬೇಡವೆನ್ನಿಸಿದ್ದೂ ಉಂಟು. ಹಿರಿಯರಾದ ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುಂಚೆ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು.

ಅದೇ ಮನುಷ್ಯಳು, ಅದೇ ಮನಸ್ಸು. ಒಂದು ಕಾಲಕ್ಕೆ ಅವಮಾನ, ಇನ್ನೊಂದು ಕಾಲಕ್ಕೆ ಸನ್ಮಾನ. ಬದಲಾದದ್ದು ಸುತ್ತಲಿನವರ ನೋಟ. ಇನ್ನೊಂದನ್ನೂ ಗಮನಿಸಿ. ಜೋಗತಿ ಪರಂಪರೆ ಅವರಿಗೆ ಒಂದು ಹೆಸರು, ಒಂದು ಕಲೆ ಕೊಟ್ಟಿತು. ಆದರೆ ಮನೆಯೊಳಗೆ ಜಾಗ ಉಳಿಸಲಿಲ್ಲ. ಸಂಪ್ರದಾಯ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದೂ ಉಂಟು. ಹಾಗಾಗಿ ‘ಹಳೇದೆಲ್ಲಾ ಕೆಟ್ಟದ್ದು’ ಅಂತಲೂ ಅಲ್ಲ, ‘ಹಿಂದಿನವರು ಮಾಡಿದ್ದೆಲ್ಲಾ ಸರಿ’ ಅಂತಲೂ ಅಲ್ಲ.

ಹಾಗಾದರೆ ಎಲ್ಲಾ ಸಮಾಜದ್ದೇ ತಪ್ಪಾ?

ಖಂಡಿತ ಇಲ್ಲ. ಹುಟ್ಟಿನಿಂದಲೇ ಮಾತು ಕಡಿಮೆ ಇರುವ, ಒಂಟಿಯಾಗಿರುವುದೇ ಇಷ್ಟವಾಗುವ ಮಕ್ಕಳೂ ಇರುತ್ತಾರೆ. ಅವರನ್ನು ಬಲವಂತವಾಗಿ ಮಾತಾಡಿಸುವುದೂ ತಪ್ಪೇ. ಸ್ವಭಾವ ಯಾವುದು, ಸುತ್ತಲಿನವರು ಮಾಡಿದ್ದು ಯಾವುದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಎಲ್ಲಾ ಕಡೆಯೂ ಹಾಗೇ ಇರುತ್ತೀರಾ? ತವರಿನಲ್ಲಿ, ಗೆಳತಿಯರ ಜೊತೆ, ದೇವಸ್ಥಾನದ ಭಜನೆಯಲ್ಲಿ? ಎಲ್ಲೆಡೆ ಒಂದೇ ಥರ ಇದ್ದರೆ ಅದು ನಿಮ್ಮ ಗುಣ ಇರಬಹುದು. ಅಲ್ಲಿ ಅರಳು ಹುರಿದಂತೆ ಮಾತಾಡಿ ಇಲ್ಲಿ ಮೌನಗೌರಿಯಾದರೆ, ಹುಡುಕಬೇಕಾದ್ದು ನಿಮ್ಮಲ್ಲಲ್ಲ, ‘ಇಲ್ಲಿ’ ಏನಿದೆ ಎಂಬುದನ್ನು.

ಹೀಗೆ ಮಾಡಿ ನೋಡಿ

* ‘ನಾನು ಹೀಗೇ’ ಎಂದು ನೀವು ಹೇಳುವ ಮೂರು ಮಾತು ಬರೆದಿಡಿ. ‘ನಂಗೆ ಲೆಕ್ಕ ಬರಲ್ಲ’, ‘ನಾಲ್ಕು ಜನರ ಮುಂದೆ ಮಾತಾಡೋಕಾಗಲ್ಲ’, ‘ಎಲ್ಲರೂ ಉಂಡ ಮೇಲೇ ನಂಗೆ ಊಟ ಸೇರೋದು’... ಪ್ರತಿಯೊಂದರ ಎದುರು, ಇದನ್ನು ಮೊದಲು ಹೇಳಿದ್ದು ಯಾರು ಎಂದು ನೆನಪಿಸಿಕೊಂಡು ಬರೆಯಿರಿ. ಎಷ್ಟೋ ಸಲ ಅದು ನೀವಾಗಿರುವುದಿಲ್ಲ!

* ಮೂರರಲ್ಲಿ ಒಂದನ್ನು ಮಾತ್ರ ಒಂದು ತಿಂಗಳು ಬದಲಿಸಿ. ಎಲ್ಲರ ಜೊತೆ ಕೂತು ಉಣ್ಣಿ. ಮೊದಲ ವಾರ ಏನೋ ತಪ್ಪು ಮಾಡಿದ ಭಾವನೆ ಕಾಡುತ್ತದೆ. ಅದು ಅಭ್ಯಾಸದ ಗೊಣಗಾಟವಷ್ಟೇ.

* ಹೊಸ ಸೊಸೆಯ ಊರಿನ ಮಾತನ್ನು ಅಣಕಿಸಬೇಡಿ, ಮಕ್ಕಳಿಗೂ ಬಿಡಬೇಡಿ. ಬದಲಿಗೆ ಅವಳ ನಾಲ್ಕು ಪದ ಕಲಿಯಿರಿ. ತವರಿಗೆ ಫೋನ್ ಮಾಡುವಾಗ ಯಾವ ಭಾಷೆಯಲ್ಲಾದರೂ ಮಾತಾಡಲಿ. ಅವಳು ಮನಸಾರೆ ಅಳುವುದೂ ನಗುವುದೂ ಅದರಲ್ಲೇ.

* ‘ಗಂಡು ಮಗು ಅಳಬಾರದು’, ‘ಹೆಣ್ಣು ಮಗು ಜೋರಾಗಿ ನಗಬಾರದು’ ಎನ್ನುವ ಮುಂಚೆ ಒಂದು ಕ್ಷಣ ತಡೆಯಿರಿ. ಇಪ್ಪತ್ತು ವರ್ಷದ ನಂತರ ಅವರು ಇದನ್ನೇ ‘ನನ್ನ ಸ್ವಭಾವ’ ಎನ್ನುತ್ತಾರೆ.

* ಮೌನದ ಜೊತೆ ನಿದ್ದೆ, ಹಸಿವು ಕೆಟ್ಟರೆ, ಬದುಕೇ ಬೇಸರವೆನ್ನಿಸಿದರೆ ಅದನ್ನು ‘ಸ್ವಭಾವ’ ಎಂದು ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

‘ಸಮಾಜ ಹೀಗೆ ಮಾಡಿತು’ ಎನ್ನುವುದು ಸುಲಭ. ಸಮಾಜ ಅಂದರೆ ಎಲ್ಲೋ ದೂರದಲ್ಲಿರುವ ಯಾರೋ ಅಲ್ಲ. ಊಟದ ಟೇಬಲ್ಲಿನ ಮುಂದೆ ‘ಉಳ್ಳಾಗಡ್ಡಿ’ ಕೇಳಿ ನಕ್ಕ ನಾವೇ. ನಮ್ಮ ಸ್ವಭಾವವನ್ನು ಯಾರೋ ಕಟ್ಟಿದ ಹಾಗೆ, ಇನ್ನೊಬ್ಬರ ಸ್ವಭಾವವನ್ನು ನಾವು ದಿನವೂ ಕಟ್ಟುತ್ತಿರುತ್ತೇವೆ.

ಅಂದಹಾಗೆ, ಮೊನ್ನೆ ಗೆಳತಿ ಮತ್ತೆ ಫೋನ್ ಮಾಡಿದ್ದರು. ಬಾಣಂತನ ಮುಗಿಸಿ ಸೊಸೆ ಬಂದಿದ್ದಾಳೆ. ಮಗುವನ್ನು ಆಡಿಸುವಾಗ ತೆಲುಗು, ಮೋಕದ ಕನ್ನಡ ಎರಡೂ ಬರುತ್ತವಂತೆ. ‘ಬೆಳಿಗ್ಗೆ ನಾನೇ, ಉಳ್ಳಾಗಡ್ಡಿ ಎಲ್ಲಿಟ್ಟಿದೀಯಮ್ಮ ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದ್ಳು, ಅಣಕಿಸ್ತಿದೀನಾ ಅಂತ’ ಎಂದರು ಗೆಳತಿ. ಆಮೇಲೆ ಸೊಸೆ ಬುಟ್ಟಿ ತಂದು ಕೊಟ್ಟಳಂತೆ. ಇನ್ನೂ ಹೆಚ್ಚೇನೂ ಮಾತಾಡಿಲ್ಲ. ಎರಡು ವರ್ಷದ ಮೌನ ಒಂದು ಪದಕ್ಕೆ ಮುರಿಯುತ್ತದೆಯೇ? ಆದರೆ ಅಡುಗೆಮನೆಯಿಂದ ಹೊರಗೆ ಬಂದು ಅತ್ತೆಯ ಪಕ್ಕ ಕೂತಿದ್ದಾಳೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು.