ದತ್ತಿಯ ದುಡ್ಡು, ಓದುವ ಹುಡುಗರು

ಕಾಲೇಜೊಂದು ನಡೆಯುವುದು ಸರ್ಕಾರದ ಅನುದಾನದಿಂದ, ಇಲ್ಲವೆ ವಿದ್ಯಾರ್ಥಿಗಳು ತೆರುವ ಶುಲ್ಕದಿಂದ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವೆರಡರ ಜೊತೆಗೆ ಮೂರನೆಯ ಮೂಲವೊಂದುಂಟು. ಅದು ದಾನಿಗಳು ಕೊಟ್ಟ ಹಣ. ಆ ಹಣ ಎಲ್ಲಿಂದ ಬರುತ್ತದೆ, ಬಂದದ್ದು ವಿದ್ಯಾರ್ಥಿಯ ಕೈಗೆ ಹೇಗೆ ತಲುಪುತ್ತದೆ ಅಥವಾ ತಲುಪುವುದಿಲ್ಲ ಎಂಬುದನ್ನು ವಿವರಿಸುವುದು ಈ ಮಾತುಗಳ ಉದ್ದೇಶ.

ಬೆಳಗಾವಿಯ ಉದಾಹರಣೆಯನ್ನೇ ನೋಡೋಣ. 1916ರಲ್ಲಿ ಅಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದವರನ್ನು ಆ ಭಾಗದ ಜನ ಸಪ್ತರ್ಷಿಗಳೆಂದು ಕರೆಯುತ್ತಾರೆ. ಅವರಲ್ಲಿ ಬಹುಮಂದಿ ತರುಣ ಅಧ್ಯಾಪಕರು. ವಚನಗಳ ಸಂಪಾದನೆಯಿಂದ ಸಾಹಿತ್ಯಾಸಕ್ತರಿಗೆ ಪರಿಚಿತರಾದ ಶಿ. ಶಿ. ಬಸವನಾಳರೂ ಲಿಂಗಾಯತ ಧರ್ಮದ ಚರಿತ್ರೆಯನ್ನು ಬರೆದ ಎಂ. ಆರ್. ಸಾಖರೆಯವರೂ ಆ ಗುಂಪಿನಲ್ಲಿದ್ದರು. ವಿದ್ವತ್ತು ಅವರ ಬಳಿಯಿತ್ತು, ಹಣವಿರಲಿಲ್ಲ. ಹಣವಿದ್ದವರ ಮನೆಬಾಗಿಲಿಗೆ ಹೋಗಿ ಕೇಳಲು ಅವರು ಸಂಕೋಚಪಡಲಿಲ್ಲ. ಅವರ ಮೊದಲ ಶಾಲೆ ಮುಂದೆ ಗಿಲಗಂಚಿ ಮತ್ತು ಅರಟಾಳ ಎಂಬ ಇಬ್ಬರು ದಾನಿಗಳ ಹೆಸರನ್ನು ಹೊತ್ತಿತು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಶಿಕ್ಷಣಕ್ಕಾಗಿ ಮೃತ್ಯುಪತ್ರ ಬರೆದಿಟ್ಟಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರೇ ಬಂತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಪ್ರಾರಂಭವಾದ ಇಂಜಿನಿಯರಿಂಗ್ ಕಾಲೇಜು ಭೂಮರಡ್ಡಿಯವರ ಹೆಸರಿನದು. ಒಕ್ಕಲುತನ ಮತ್ತು ವ್ಯಾಪಾರದ ಸಂಪತ್ತು ಹೀಗೆ ವಿದ್ಯೆಯಾಗಿ ಮಾರ್ಪಟ್ಟಿತು.

ಕಟ್ಟಡವೆದ್ದರೆ ಸಾಕೆ? ಹಳ್ಳಿಯಿಂದ ಬಂದ ಹುಡುಗ ಉಣ್ಣುವುದೆಲ್ಲಿ? ವಾರಾನ್ನವೆಂಬ ಪದ್ಧತಿಯನ್ನು ಹಿರಿಯ ಓದುಗರು ಬಲ್ಲರು. ವಾರದ ಏಳು ದಿನ ಏಳು ಮನೆಗಳಲ್ಲಿ ಊಟ. ಅದನ್ನು ಇಂದು ಬಹುವಾಗಿ ಕೊಂಡಾಡುವುದುಂಟು. ಆದರೆ ಆ ಊಟದ ಎಲೆ ಸಾಮಾನ್ಯವಾಗಿ ಜಾತಿಯ ಹೊಸ್ತಿಲನ್ನು ದಾಟಲಿಲ್ಲ ಎಂಬುದನ್ನು ಮರೆಯಬಾರದು. ಉಳಿದ ಸಮುದಾಯಗಳ ಮಕ್ಕಳಿಗೆ ಅನ್ನದ ದಾರಿ ತೆರೆದದ್ದು ಉಚಿತ ವಿದ್ಯಾರ್ಥಿನಿಲಯಗಳು. ಅವುಗಳಲ್ಲಿಯೂ ಹಲವು ತಂತಮ್ಮ ಜಾತಿಗೆ ಮೀಸಲಾಗಿದ್ದವು. ತುಮಕೂರಿನ ಸಿದ್ಧಗಂಗೆಯಲ್ಲಿ ಮಾತ್ರ ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತರು. 2019ರಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮಿಗಳ ಜೋಳಿಗೆಗೆ ಬಿದ್ದದ್ದರಲ್ಲಿ ಶ್ರೀಮಂತರ ಚೆಕ್ಕುಗಳಷ್ಟೇ ಅಲ್ಲ, ರೈತರ ರಾಗಿ, ತೆಂಗಿನಕಾಯಿಗಳೂ ಇದ್ದವು. ಹಣಕ್ಕಿಂತ ಧಾನ್ಯದ ದಾನಕ್ಕೆ ಒಂದು ಹೆಚ್ಚಳವಿದೆ: ಅದರ ಬೆಲೆ ಏರಿದರೂ ಅದು ತುಂಬುವ ಹೊಟ್ಟೆಗಳ ಸಂಖ್ಯೆ ಇಳಿಯುವುದಿಲ್ಲ.

ದತ್ತಿನಿಧಿಯ ಕಥೆ ಬೇರೆ. ದಾನಿ ಕೊಟ್ಟ ಮೊತ್ತವನ್ನು ಮುಟ್ಟದೆ ಬ್ಯಾಂಕಿನಲ್ಲಿಟ್ಟು ಬಡ್ಡಿಯನ್ನಷ್ಟೇ ವೆಚ್ಚಮಾಡುವುದು ಅದರ ನಿಯಮ. ಅರ್ಧ ಶತಮಾನದ ಹಿಂದೆ ಯಾರೋ ಪುಣ್ಯಾತ್ಮರು ತಾಯಿಯ ಹೆಸರಿನಲ್ಲಿ ಸಾವಿರ ರೂಪಾಯಿ ಇಟ್ಟರೆನ್ನಿ. ಶೇಕಡ 5ರಂತೆ ವರ್ಷಕ್ಕೆ 50 ರೂಪಾಯಿ. ಅಂದು ಅದರಲ್ಲಿ ಪಠ್ಯಪುಸ್ತಕಗಳು ಬರುತ್ತಿದ್ದವು. ಇಂದು ಒಂದು ನೋಟುಪುಸ್ತಕ ಬಂದೀತು. ಬಡ್ಡಿಯ ಒಂದು ಪಾಲನ್ನು ವರ್ಷವರ್ಷವೂ ಅಸಲಿಗೆ ಸೇರಿಸುತ್ತ ಬಂದಿದ್ದರೆ ನಿಧಿ ತಕ್ಕಮಟ್ಟಿಗೆ ಬೆಳೆಯುತ್ತಿತ್ತು. ಬಹುತೇಕ ದತ್ತಿಪತ್ರಗಳಲ್ಲಿ ಆ ಒಕ್ಕಣೆಯೇ ಇರುವುದಿಲ್ಲ. ಮೇಲಾಗಿ ಹೆಚ್ಚಿನ ದತ್ತಿಗಳು ಅತ್ಯಧಿಕ ಅಂಕ ಪಡೆದವರ ಬಹುಮಾನಕ್ಕೆ ಮೀಸಲು. ನನ್ನ ಅನುಭವದಲ್ಲಿ, ಕಾಲೇಜು ಬಿಟ್ಟುಹೋಗುವವನು ಮೊದಲ ದರ್ಜೆಯ ವಿದ್ಯಾರ್ಥಿಯಲ್ಲ. ಬೆಳಗ್ಗೆ ಹಾಲಿನ ಡೈರಿಯಲ್ಲಿ ದುಡಿದು, ಎರಡನೆಯ ಗಂಟೆಗೆ ತರಗತಿಗೆ ಬಂದು, ಶೇಕಡ 48 ಪಡೆಯುವವನು. ಅವನ ಹೆಸರು ಯಾವ ದತ್ತಿಪತ್ರದಲ್ಲಿಯೂ ಇಲ್ಲ.

ನಾನು ಪಾಠ ಹೇಳುತ್ತಿದ್ದ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ವಿದ್ಯಾರ್ಥಿ ಸಹಾಯನಿಧಿಯ ಫಲಾನುಭವಿಗಳ ಹೆಸರನ್ನು ಸೂಚನಾಫಲಕದಲ್ಲಿ ಹಚ್ಚುವ ಪರಿಪಾಠವಿತ್ತು. ಲೆಕ್ಕಪರಿಶೋಧನೆಗೆ ಅದು ಅನುಕೂಲ. ಆದರೆ ಬಿ.ಎ. ಎರಡನೆಯ ವರ್ಷದ ಹೆಣ್ಣುಮಗಳೊಬ್ಬಳು ಅರ್ಜಿಯನ್ನು ಹಿಂದಕ್ಕೆ ಪಡೆದಳು. "ಸಾರ್, ನಮ್ಮೂರಿನ ಹುಡುಗರೂ ಇಲ್ಲೇ ಓದ್ತಾರೆ" ಎಂದಷ್ಟೇ ಹೇಳಿದಳು. ಮರುವರ್ಷದಿಂದ ಫಲಕದಲ್ಲಿ ಮೊತ್ತವನ್ನು ಮಾತ್ರ ಬರೆದು, ಹೆಸರುಗಳನ್ನು ಪ್ರಾಂಶುಪಾಲರ ಕಪಾಟಿನಲ್ಲಿಟ್ಟೆವು. ಅರ್ಜಿಗಳು ಇಮ್ಮಡಿಯಾದವು.

ಈಗ ದಾನದ ಪ್ರಮಾಣ ಬಹಳ ಹಿಗ್ಗಿದೆ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. 2023ರಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಮುಂಬಯಿಯ ಐ.ಐ.ಟಿ.ಗೆ 315 ಕೋಟಿ ರೂಪಾಯಿ ಕೊಟ್ಟರು. ಸಂತೋಷದ ಸಂಗತಿಯೇ. ಆದರೆ ಹಳೆಯ ವಿದ್ಯಾರ್ಥಿಗಳು ಸಿರಿವಂತರಾದ ಕಡೆಗೇ ಹಣ ಹರಿಯುತ್ತದೆ. ಸರ್ಕಾರಿ ಪ್ರಥಮದರ್ಜೆ ಕಾಲೇಜಿನ ಹಳೆಯ ವಿದ್ಯಾರ್ಥಿ ಶಾಲಾ ಶಿಕ್ಷಕನೋ ಅಂಗಡಿಯ ಗುಮಾಸ್ತನೋ ಆಗಿರುತ್ತಾನೆ. ಈ ಕೊರತೆಯನ್ನು ಗಮನಿಸಿದಂತೆ ತೋರುವುದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ. ಸರ್ಕಾರಿ ಶಾಲೆಗಳಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ, ಅವರವರ ಬ್ಯಾಂಕ್ ಖಾತೆಗೇ. ಅಂಕಗಳ ಪೈಪೋಟಿಯಿಲ್ಲ, ಫಲಕದಲ್ಲಿ ಹೆಸರಿಲ್ಲ.

ಆದರೂ ಅತ್ಯಂತ ಚಿಕ್ಕ ದಾನಕ್ಕೆ ಸ್ಥಳ ಉಳಿದೇ ಇದೆ. ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನವೊಂದಿರುತ್ತದೆ. ಅದು ಮಳೆ ಬೆಳೆ ನೋಡಿ ನಿಗದಿಯಾದದ್ದಲ್ಲ. ಅರ್ಜಿ, ಸಮಿತಿ, ಸಭೆ, ಠರಾವುಗಳ ದಾರಿಯಲ್ಲಿ ಬರುವ ಸಹಾಯ ಆ ದಿನ ಕಳೆದ ಮೇಲೆ ಮಂಜೂರಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಕೂಡಿ ಒಂದಿಷ್ಟು ಹಣವನ್ನು ಯಾವ ಷರತ್ತೂ ಇಲ್ಲದೆ ಪ್ರಾಂಶುಪಾಲರ ವಿವೇಚನೆಗೆ ಒಪ್ಪಿಸಿ, ವರ್ಷಾಂತ್ಯದಲ್ಲಿ ಲೆಕ್ಕ ಕೇಳಿದರೆ, ಅಂಥ ಶುಲ್ಕವನ್ನು ಅದೇ ಮಧ್ಯಾಹ್ನ ಕಟ್ಟಿಬಿಡಬಹುದು.