ಕೋಟನೂರ: ಎರಿ ಹೊಲದಲ್ಲಿ ನೀರು ನಿಲ್ಲಿಸುವ ಕೈ

ಹಿಂದಿನ ರಾತ್ರಿ ಶ್ರಾವಣದ ಮಳೆ ಜೋರಾಗಿಯೇ ಹೊಡೆದಿತ್ತು. ಕಲಬುರಗಿ ನಗರದ ಅಂಚಿಗಿರುವ ಕೋಟನೂರದಲ್ಲಿ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದೆ. ಎಡಕ್ಕೆ ಹಿಂಗಾರಿ ಜೋಳಕ್ಕೆಂದು ಬಿಟ್ಟ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲ. ಅದರ ತುಂಬ ಗೇಣು ಎತ್ತರದ ಏರಿ ಕಟ್ಟಿದ ಚೌಕುಮಡಿಗಳು, ಒಂದೊಂದರಲ್ಲೂ ನಿಂತ ನೀರು. ಬಲಕ್ಕೆ ಇಳಿಜಾರಿನುದ್ದಕ್ಕೆ ಟ್ರ್ಯಾಕ್ಟರ್ ಹೊಡೆದ ತೊಗರಿ ಹೊಲ. ಅಲ್ಲಿ ಸಾಲುಗಳೇ ಕಾಲುವೆಯಾಗಿ ಮಣ್ಣು ತೊಳೆದುಹೋಗಿ ಬುಡದ ಬೇರು ಕಾಣುತ್ತಿತ್ತು.

'ಎರಿ ಮೊದಲು ಬಿರುಕಿನಾಗ ಗಟಗಟ ಕುಡೀತದ ತಮ್ಮಾ, ಆಮ್ಯಾಲ ಬಾಯಿ ಮುಚ್ಕೋತದ' ಎಂದರು ಮಡಿ ಹೊಲದ ಹಿರಿಯ ರೈತರು. ಅದು ಸರಿಯಾದ ಮಾತು. ನೆನೆದ ಕಪ್ಪು ಜೇಡಿ ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ನೀರು ಇಂಗುವುದು ಬಲು ನಿಧಾನ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಲಕ್ಷ ಲೀಟರಿಗೂ ಹೆಚ್ಚು ನೀರು. ಅದು ಇಂಗುವವರೆಗೆ ನಿಲ್ಲಲು ಜಾಗ ಬೇಕು. 3ರಿಂದ 4.5 ಮೀಟರ್ ಅಗಲದ ಮಡಿ ಕೊಡುವುದು ಆ ಜಾಗವನ್ನೇ.

ಈ ವಿದ್ಯೆಗೆ ಸಂಶೋಧನೆಯ ಬಲವೂ ಇದೆ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1933ರಲ್ಲೇ ಶುರುವಾಯಿತು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಎರಿ ಭೂಮಿಗೆ ಅಗಲ ಏರುಮಡಿ ಮತ್ತು ಸಾಲಿನ ಪದ್ಧತಿ ರೂಪಿಸಿತು. ಬುಡದಲ್ಲಿ ನೀರು ನಿಂತರೆ ತಾಳದ ತೊಗರಿಗೆ ಇದು ಹೇಳಿ ಮಾಡಿಸಿದಂತಿದೆ: ಬೆಳೆ ಏರುಮಡಿಯ ಮೇಲೆ, ಹೆಚ್ಚಾದ ನೀರು ಸಾಲಿನಲ್ಲಿ ಮೆಲ್ಲಗೆ ಹೊರಗೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿ ಹೆಸರು ಗಳಿಸಿದ್ದು ಈ ನೆಲದ ಮಣ್ಣಿನಿಂದ. ಆ ಮಣ್ಣೇ ಹಳ್ಳ ಸೇರುತ್ತಿದೆ.

ಆ ಹಿರಿಯ ಕಾಕಾ ಕುಂಟಿಯ ಹಿಡಿ ತೋರಿಸಿದರು, ಅಂಗೈ ತಾಗಿ ತಾಗಿ ಅದು ಸವೆದು ನುಣುಪಾಗಿತ್ತು. 'ಎತ್ತು ಇದ್ರ ಅಡ್ಡ ಹರಗತೀವಿ, ಮಡಿ ಹಾಕತೀವಿ. ಟ್ರ್ಯಾಕ್ಟರಿನವ ಅಡ್ಡ ತಿರುಗ್ಸಂದ್ರ ಡೀಜೆಲ್ ಜಾಸ್ತಿ ಅಂತಾನ. ಉದ್ದಕ್ಕ ಹೊಡದ್ರ ನೀರಿಗಿ ನಾವೇ ದಾರಿ ಮಾಡಿ ಕೊಟ್ಟಂಗ.' ಅವರ ಜೋಡೆತ್ತು ಮುದಿಯಾಗಿವೆ. ಹೊಸ ಜೋಡಿ ಕೊಳ್ಳುವ ಶಕ್ತಿ ಇಲ್ಲ, ಮಡಿ ಕಟ್ಟುವ ಹದ ಕಲಿಯಲು ಹುಡುಗರೂ ಇಲ್ಲ.

ಇನ್ನೊಂದು ನೋವು ಮೇಲಿನಿಂದ ಬರುತ್ತದೆ. ದಿಬ್ಬದಲ್ಲಿ ಎದ್ದ ಬಡಾವಣೆಯ ರಸ್ತೆ ನೀರು ನೇರ ಇವರ ಹೊಲಕ್ಕೆ ನುಗ್ಗಿ, ಎರಡು ಸಾಲು ಮಡಿ ಒಡೆದಿದೆ. 'ನನ್ನ ಹೊಲದ ಮಳಿ ನಾ ತಡೀತೀನಿ, ಊರ ಮಳಿ ಹ್ಯಾಂಗ ತಡೀಲಿ?' ಎಂದರು. ಇದು ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಮೇಲಿನವರು, ಕೆಳಗಿನವರು ಕೂಡಿ ಅಡ್ಡ ಉಳುಮೆಗೆ ಒಪ್ಪಬೇಕು. ಬಡಾವಣೆಗೆ ದಾರಿ ಹಾಕುವವರು ನೀರಿಗೂ ದಾರಿ ಯೋಚಿಸಬೇಕು.

ನಾನು ಹೊರಡುವಾಗ ಕಾಕಾ ಸಲಿಕೆ ಹಿಡಿದು ಒಡೆದ ಏರಿಗೆ ಮಣ್ಣು ಎಳೆಯುತ್ತಿದ್ದರು. ಪಶ್ಚಿಮಕ್ಕೆ ಮತ್ತೆ ಮೋಡ ಕಟ್ಟಿತ್ತು.