ಮಳೆನಾಡಿನ ಜಂಬಿಟ್ಟಿಗೆ ಮನೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಮನೆಗಳ ಇಟ್ಟಿಗೆ ಭಟ್ಟಿಯಲ್ಲಿ ಬೆಂದದ್ದಲ್ಲ, ನೆಲದಿಂದ ಕಡಿದು ತೆಗೆದದ್ದು. ಅದೇ ಜಂಬಿಟ್ಟಿಗೆ, ಕೆಲವು ಊರುಗಳಲ್ಲಿ ಚಿರೆಕಲ್ಲು. ಕಣಿಯಲ್ಲಿರುವಾಗ ಮೆತ್ತಗಿದ್ದು ಗುದ್ದಲಿ, ಪಿಕಾಸಿಗೆ ಬಗ್ಗುತ್ತದೆ. ಗಾಳಿ, ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ತೂತು, ಬಣ್ಣ ಕಾವಿ.

ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1800–01ರಲ್ಲಿ ದಕ್ಷಿಣ ಭಾರತ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡ. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಅದೇ ಪ್ರವಾಸದಲ್ಲಿ ಅವನು ಇಕ್ಕೇರಿ, ನಗರದ ಹಾದಿಯನ್ನೂ ತುಳಿದಿದ್ದ. ವಿಜ್ಞಾನದ ಹೆಸರಿನಲ್ಲೂ ನಮ್ಮ ಜನರ ಮಾತಿನಲ್ಲೂ ಇಟ್ಟಿಗೆಯೇ ಇದೆ!

ಆದರೆ ಈ ಮನೆಗಳ ನಿಜವಾದ ಜಾಣತನ ಇರುವುದು ಗೋಡೆಯಲ್ಲಲ್ಲ, ಮಾಡಿನಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕೆಮ್ಮಣ್ಣಿನ ಕೆಸರಲ್ಲಿ ಕೂಡಿಸಿದ ಗೋಡೆ ಅಂಥ ಮಳೆಗೆ ನೇರವಾಗಿ ಮೈಯೊಡ್ಡಿದರೆ ಉಳಿಯದು. ಅದಕ್ಕೇ ಕಡಿದಾದ ಇಳಿಜಾರು, ಗೋಡೆಯಿಂದ ಬಹಳ ಮುಂದೆ ಚಾಚಿದ ಸೂರು. ಮೊದಲು ಹುಲ್ಲು, ಅಡಿಕೆ ಸೋಗೆ, ನಾಡಹಂಚು ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಘಟ್ಟ ಹತ್ತಿತು.

ಮನೆಯ ಗಾತ್ರ ಹೇಳುವುದು ಅಂಕಣದ, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗದ, ಲೆಕ್ಕದಲ್ಲಿ. ಹೆಬ್ಬಾಗಿಲು ದಾಟಿದರೆ ತೊಟ್ಟಿ, ಸುತ್ತ ಜಗಲಿ, ಒಳಗೆ ಕತ್ತಲು ಕವಿದ ನಡುಮನೆ, ಮೇಲೆ ಅಟ್ಟ. ತೊಟ್ಟಿಯೇ ಮನೆಗೆ ಬೆಳಕಿನ ಬಾವಿ. ಸಾಗರದ ಸುತ್ತಿನ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆಚಿತ್ತಾರ ಅರಳುತ್ತದೆ. ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿನಾರಿನ ಕುಂಚವನ್ನು ಅದ್ದಿ, ಹೆಂಗಸರು ಕೈ ನಡುಗದಂತೆ ಒಂದೊಂದೇ ಸಪೂರ ಗೆರೆ ಎಳೆಯುತ್ತಾರೆ. ಗೋಡೆ ಅವರ ಪಾಲಿಗೆ ಹಾಳೆ.

ಇಂಥ ಮನೆಯೊಂದರ ಒಳಹೊಕ್ಕು ನೋಡಬೇಕೆಂದರೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬೇಕು. ಕುವೆಂಪು ಬಾಲ್ಯ ಕಳೆದ ಮೂರಂತಸ್ತಿನ ಮನೆಯನ್ನು ದುರಸ್ತಿ ಮಾಡಿ ‘ಕವಿಮನೆ’ಯಾಗಿ ಉಳಿಸಿಕೊಳ್ಳಲಾಗಿದೆ. ಕೆತ್ತನೆಯ ಕಂಬ, ದಪ್ಪ ತೊಲೆ, ಹಳೆಯ ಪಾತ್ರೆಪಗಡಿಗಳ ನಡುವೆ ನಿಂತರೆ ಒಂದು ಕೂಡುಕುಟುಂಬದ ಗಾತ್ರವೇ ಕಣ್ಣಿಗೆ ಬೀಳುತ್ತದೆ.

ಎಲ್ಲ ಮನೆಗಳಿಗೂ ಆ ಭಾಗ್ಯವಿಲ್ಲ. ಮಕ್ಕಳು ಊರು ಬಿಟ್ಟಾಗ ಮೊದಲು ನಿಲ್ಲುವುದು ಹಂಚಿಗೆ ಕೈಯಾಡಿಸುವ ಕೆಲಸ. ಒಂದು ಹಂಚು ಸರಿದರೆ ರೀಪು ಕುಂಬಾಗುತ್ತದೆ, ಆಮೇಲೆ ಪಕಾಸು, ಕೊನೆಗೆ ಗೋಡೆ. ಗಟ್ಟಿಯಾಗಲೆಂದು ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವವರೂ ಇದ್ದಾರೆ. ಒಳಗಿನ ತೇವ ಹೊರಹೋಗಲಾರದೆ ಗೋಡೆಯೇ ಹಾಳಾಗುತ್ತದೆ.

ಊರಲ್ಲಿ ಅಜ್ಜನ ಮನೆ ಇನ್ನೂ ನಿಂತಿದ್ದರೆ, ಈ ಬೇಸಿಗೆ ಮುಗಿಯುವ ಮೊದಲು ಒಮ್ಮೆ ಹೋಗಿ ಹಂಚಿಗೆ ಕೈಯಾಡಿಸಿ ಬನ್ನಿ.